ಐರೀನಮ್ಮನ ಹೊಲಿಗೆ ಅಂಗಡಿ

ಅಂಬಿಕಳ ತಂದೆ ಮುನಿಸ್ವಾಮಪ್ಪ ಊರಿಗಾಂನ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ ಇಳಿದು ಹತ್ತಿದವರು. ಗಣಿ ಮುಚ್ಚಿದ ವರ್ಷ ಕೈಗೆ ಬಂದ ದುಡ್ಡಿನಲ್ಲಿ ಮೂವರು ಹೆಣ್ಣುಮಕ್ಕಳಿಗೂ ಒಂದೊಂದು ಹೊಲಿಗೆ ಮೆಷಿನ್ನು ತಂದುಕೊಟ್ಟರು. ಅಕ್ಕಂದಿರಿಬ್ಬರ ಮೆಷಿನ್ನುಗಳು ಗಂಡನ ಮನೆಗಳಲ್ಲಿ ಮಡಿಸಿದ ಬಟ್ಟೆ ಪೇರಿಸುವ ಮೇಜಾದವು. ಕಿರಿಯವಳಾದ ಅಂಬಿಕಳ ಮೆಷಿನ್ನು ಮಾತ್ರ ಒಂದು ದಿನವೂ ಸುಮ್ಮನೆ ಕೂರಲಿಲ್ಲ.

ಬೇತಮಂಗಲದ ವೇಣುಗೋಪಾಲನನ್ನು ಮದುವೆಯಾಗಿ ರಾಬರ್ಟ್‌ಸನ್‌ಪೇಟೆಯಲ್ಲಿ ಸಂಸಾರ ಹೂಡಿದ ಮೇಲೆ ಅವಳು ಅಕ್ಕಪಕ್ಕದವರ ರವಿಕೆ ಹೊಲಿದಳು, ಆಮೇಲೆ ಒಂದು ಶಾಲೆಯ ಯೂನಿಫಾರ್ಮು ಹಿಡಿದಳು, ಆಮೇಲೆ ಮೂರು ಶಾಲೆಯದು. ಹತ್ತು ವರ್ಷದಲ್ಲಿ ಬಾಡಿಗೆಯ ಒಂದು ದೊಡ್ಡ ಕೋಣೆಯಲ್ಲಿ ಹನ್ನೆರಡು ಮೆಷಿನ್ನು ಓಡುತ್ತಿದ್ದವು, ಹದಿನಾಲ್ಕು ಹೆಂಗಸರು ದುಡಿಯುತ್ತಿದ್ದರು. ಬಟ್ಟೆ ಕತ್ತರಿಸುವವಳು ಅವಳೇ, ಶಾಲೆಯವರ ಹತ್ತಿರ ರೇಟು ಮಾತಾಡುವವಳೂ ಅವಳೇ. ಬಾಗಿಲಲ್ಲಿ ನಿಂತ ಮಗುವನ್ನು ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯದೆ ಅಳತೆ ಹೇಳುತ್ತಿದ್ದಳು. ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಮಾಸ್ಕು, ಕೈಚೀಲ, ದಿಂಬಿನ ಕವರು ಹೊಲಿಸಿ ಹದಿನಾಲ್ಕು ಮನೆಗಳ ಒಲೆ ಆರದಂತೆ ನೋಡಿಕೊಂಡಳು.

ವೇಣುಗೋಪಾಲ್ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕಾಂಟ್ರಾಕ್ಟ್ ಕೆಲಸಕ್ಕಿದ್ದ. ಮೊದಲ ಸಲ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ, ಸಂಬಳ ಬರುವವರ ಹೆಸರಲ್ಲಿ ಅರ್ಜಿ ಹಾಕಿದರೆ ಬೇಗ ಆಗುತ್ತದೆ ಎಂದರು. ಹಾಗೆ ಸಾಲ ಅವನ ಹೆಸರಿಗೆ ಬಂತು. ಅದರ ಹಿಂದೆಯೇ ಲೈಸೆನ್ಸು, ಬ್ಯಾಂಕ್ ಖಾತೆ, ತೆರಿಗೆಯ ಕಾಗದ ಎಲ್ಲವೂ ಅವನ ಹೆಸರಿಗೇ ಬಂದವು. ಅಂಬಿಕ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗಂಡನೂ ಕೆಟ್ಟವನಲ್ಲ. ಕಾರ್ಖಾನೆಯ ಕೆಲಸವನ್ನೇ ಬಿಟ್ಟ ಮೇಲೆ ಸ್ಕೂಟರಿನಲ್ಲಿ ಬಟ್ಟೆಯ ಮೂಟೆ ಸಾಗಿಸುತ್ತಿದ್ದ, ಶಾಲೆಗಳಿಂದ ಚೆಕ್ಕು ಇಸಿದುಕೊಂಡು ಬರುತ್ತಿದ್ದ.

ಬೇತಮಂಗಲದ ಅವನ ಜಮೀನಿನಲ್ಲಿ ಹೊಸ ಹೆದ್ದಾರಿ ಹಾಯ್ದು, ಪರಿಹಾರ ಬಂದಾಗ ಕೆನಡಾದ ಮಾತು ಶುರುವಾಯಿತು. ಅಲ್ಲಿನ ಸಣ್ಣ ಊರುಗಳಲ್ಲಿ ಅಂಗಡಿಯವರಿಗೆ ವಯಸ್ಸಾಗಿದೆ, ಮುಂದುವರಿಸಲು ಮಕ್ಕಳಿಲ್ಲ. ಹೊರಗಿನವರು ಬಂದು ಅಂಗಡಿ ಕೊಂಡು ತಾವೇ ನಿಂತು ನಡೆಸಿದರೆ ಇಡೀ ಕುಟುಂಬ ಅಲ್ಲೇ ನೆಲೆಸಲು ಆ ಪ್ರಾಂತ್ಯದವರೇ ಶಿಫಾರಸು ಮಾಡುತ್ತಾರೆ. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟು ಹೀಗೆಂದು ಹೇಳಿ ಮಾರಾಟಕ್ಕಿರುವ ಅಂಗಡಿಗಳ ಪಟ್ಟಿ ಕಳಿಸಿದ್ದ.

"ನಂಗ್ಯಾಕೆ ಆ ದೇಶ? ಮೈನಸ್ಸು ಮೂವತ್ತಂತೆ" ಎಂದಿದ್ದಳು ಅಂಬಿಕ. ಆದರೆ ಪಟ್ಟಿಯ ಕೆಳಗೆ ಒಂದು ಹೊಲಿಗೆ ಅಂಗಡಿಯ ಫೋಟೋ ಇತ್ತು. ಗಾಜಿನ ಕಿಟಕಿ, ಉದ್ದನೆಯ ಮರದ ಮೇಜು, ಗೋಡೆಯ ತುಂಬ ಬಣ್ಣಬಣ್ಣದ ದಾರದ ಉಂಡೆಗಳು. ಅವಳು ಫೋನನ್ನು ಮಗಳು ಅನುವಿನ ಕೈಯಿಂದ ತೆಗೆದುಕೊಂಡು ಆ ಮೇಜನ್ನೇ ದೊಡ್ಡದು ಮಾಡಿ ನೋಡಿದಳು.

"ಕಟಿಂಗ್ ಮೇಜು ಕಿಟಕಿ ಬೆಳಕಿಗೆ ಆಕವ್ಳೆ. ಕೆಲ್ಸ ಗೊತ್ತಿರೋಳು" ಎಂದಳು.

ಅಂಗಡಿಯ ಒಡತಿ ಐರೀನ್ ಎಂಬ ಎಪ್ಪತ್ತೊಂದರ ಹೆಂಗಸು. ನಲವತ್ತು ವರ್ಷ ಒಬ್ಬಳೇ ನಡೆಸಿದ್ದಳು. ಈಗ ಬೆರಳಿನ ಗಂಟುಗಳು ಊದಿ ಸೂಜಿ ಹಿಡಿಯಲಾಗುತ್ತಿರಲಿಲ್ಲ. ವೇಣುಗೋಪಾಲ್ ಹತ್ತು ದಿನ ಅಲ್ಲಿಗೆ ಹೋಗಿ ಊರು ನೋಡಿಕೊಂಡು ಬಂದ. ಅಂಗಡಿಯೊಳಗೆ ನಿಂತು ಮನೆಗೆ ವಿಡಿಯೋ ಕರೆ ಮಾಡಿ ಫೋನನ್ನು ಐರೀನಳ ಕೈಗೆ ಕೊಟ್ಟಿದ್ದೇ ಆ ಇಬ್ಬರು ಹೆಂಗಸರ ಸ್ನೇಹದ ಮೊದಲು. ಅಂದಿನಿಂದ ಪ್ರತಿ ಭಾನುವಾರ ಸಂಜೆ ಐರೀನಮ್ಮನ ಕರೆ ಬರುತ್ತಿತ್ತು. ಪಿಯುಸಿ ಓದುತ್ತಿದ್ದ ಅನು ನಡುವೆ ಕೂತು ಮಾತು ದಾಟಿಸುತ್ತಿದ್ದಳು.

"ಅಮ್ಮ, ಅವ್ರು ಕೇಳ್ತಾವ್ರೆ, ದಪ್ಪ ಕೋಟಿನ ಒಳಗಿನ ಲೈನಿಂಗು ಅರಿದ್ರೆ ನೀನು ಏನ್ ಮಾಡ್ತೀಯ ಅಂತ."

"ಬಿಚ್ಚಿದ ಅಳೇ ಲೈನಿಂಗನ್ನೇ ಅಳತೆಗೆ ಇಟ್ಕೋತೀನಿ. ಕಂಕುಳಾಗೆ ಒಂದು ಬೆರಳು ಜಾಸ್ತಿ ಬುಡ್ತೀನಿ, ಇಲ್ದಿದ್ರೆ ಕೈ ಎತ್ತಿದಾಗ ಮತ್ತೆ ಅಲ್ಲೇ ಅರೀತದೆ."

ಅನು ಹೇಳಿ ಮುಗಿಸುವ ಮೊದಲೇ ಐರೀನಮ್ಮ ತಲೆಯಾಡಿಸಿದ್ದಳು. ಅಂಬಿಕ ತನ್ನ ಕಂಕುಳ ಹತ್ತಿರ ಬೆರಳಿಟ್ಟು ತೋರಿಸಿದ್ದು ಅವಳಿಗೆ ಸಾಕಾಗಿತ್ತು. ಕೆಲವು ವಾರದ ಮೇಲೆ ಅನು ನಡುವೆ ಎದ್ದುಹೋದರೂ ಅವರ ಮಾತು ನಿಲ್ಲುತ್ತಿರಲಿಲ್ಲ. ಆಕೆ ಜಿಪ್ಪು ಹಿಡಿದು ತೋರಿಸುತ್ತಿದ್ದಳು, ಈಕೆ ಗುಂಡಿಯ ಕಾಜಾ ಹಿಡಿದು ತೋರಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ತನ್ನ ಕೆಲಸವನ್ನು ಅಷ್ಟು ಹೊತ್ತು ನೋಡುವವರು ಅಂಬಿಕಳಿಗೆ ಯಾರೂ ಸಿಕ್ಕಿರಲಿಲ್ಲ.

ಅರ್ಜಿ ತುಂಬಿಸಲು ಬೆಂಗಳೂರಿಗೆ ಹೋದ ದಿನ ಕನ್ಸಲ್ಟೆಂಟು ಕೇಳಿದ, "ಮೇಡಂ ಏನ್ ಮಾಡ್ತಾರೆ?"

"ಜೊತೇಲಿರ್ತಾಳೆ, ನೋಡ್ಕೋತಾಳೆ" ಎಂದ ವೇಣುಗೋಪಾಲ್.

ಅಂಬಿಕ ಬಾಯಿ ತೆರೆದಳು. "ಅರ್ಜಿ ನನ್ ಎಸರಾಗೆ ಆಕಕ್ಕಾಗಲ್ವಾ ಸಾರ್?"

ಕನ್ಸಲ್ಟೆಂಟು ಕಾಗದಗಳನ್ನು ತಿರುವಿ ನೋಡಿದ. "ನಿಮ್ಮ ಹೆಸರಲ್ಲಿ ಒಂದು ಚೀಟಿಯೂ ಇಲ್ಲ ಮೇಡಂ. ಕೆಲಸಗಾರರ ಪಟ್ಟಿಯಲ್ಲೂ ಇಲ್ಲ. ಇಂಗ್ಲಿಷ್ ಪರೀಕ್ಷೆ ಬೇರೆ ಬರೀಬೇಕು. ಗೃಹಿಣಿ ಅಂತ ಹಾಕ್ತೀನಿ."

"ಆಕಿ ಬುಡಿ" ಎಂದಳು. ಅಲ್ಲಿಗೆ ಹೋದ ಮೇಲೆ ಕತ್ತರಿ ಹಿಡಿಯುವವಳು ತಾನೇ ಅಲ್ಲವೇ, ಒಂದು ಪದದಿಂದ ಏನು ಕೆಡುತ್ತದೆ ಎಂದುಕೊಂಡಳು.

ಹೂಡುವ ಬಂಡವಾಳ ಕೈಯಲ್ಲಿದೆಯೆಂದು ತೋರಿಸಬೇಕಿತ್ತು. ಪರಿಹಾರದ ಹಣ ಸಾಲದೆ ಹೊಲಿಗೆ ಯೂನಿಟ್ಟನ್ನೇ ಮಾರಿದರು. ಕೊಂಡವನು ಬಂಗಾರಪೇಟೆಯ ರೆಡಿಮೇಡ್ ಅಂಗಡಿಯ ಗೋಪಿ. ಐದು ವರ್ಷ ಇವರು ಸುತ್ತಮುತ್ತಲಲ್ಲಿ ಯೂನಿಫಾರ್ಮಿನ ಕೆಲಸ ಹಿಡಿಯಬಾರದೆಂದು ಅವನು ಬರೆಸಿಕೊಂಡ. ಹೇಗೂ ಹೋಗುವವರು ಎಂದು ವೇಣುಗೋಪಾಲ್ ಸಹಿ ಹಾಕಿದ. ಮೆಷಿನ್ನುಗಳನ್ನು ಲಾರಿಗೆ ಏರಿಸುವಾಗ ಹದಿನಾಲ್ಕು ಹೆಂಗಸರಲ್ಲಿ ಹಿರಿಯಳಾದ ಮಾರಿಯಮ್ಮ, "ನೀನು ಚೆಂದಾಗಿರು ಕಣಮ್ಮ, ನಮ್ದು ಎಂಗೋ ಆಯ್ತದೆ" ಎಂದು ಅಂಬಿಕಳ ಕೈ ಹಿಡಿದುಕೊಂಡಳು. ಮಾರಿಯಮ್ಮನಿಗೆ ಕೆಲಸಕ್ಕೆಂದು ದಿನಾ ಬಂಗಾರಪೇಟೆಯವರೆಗೆ ಹೋಗಿಬರುವ ಶಕ್ತಿಯಿರಲಿಲ್ಲ.

ಸಂದರ್ಶನ ವಿಡಿಯೋದಲ್ಲಿ ನಡೆಯಿತು. ಅಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ ಏಳೂವರೆ. ಕೋಣೆಯಲ್ಲಿ ಅರ್ಜಿದಾರ ಒಬ್ಬನೇ ಇರಬೇಕೆಂದು ನಿಯಮ. ಅಂಬಿಕ ಮತ್ತು ಅನು ಅಡುಗೆಮನೆಯಲ್ಲಿ ಬಾಗಿಲಿಗೆ ಒರಗಿ ಕೂತರು. ಅನು ಪಿಸುಗುಟ್ಟಿ ಹೇಳುತ್ತಾ ಹೋದಳು.

ಅಧಿಕಾರಿ ಹೆಂಗಸು, ದನಿ ಮೆತ್ತಗಿತ್ತು. ಮೊದಮೊದಲು ವೇಣುಗೋಪಾಲ್ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. ಆಮೇಲೆ ಅವಳು, ಒಂದು ಶಾಲೆಯ ಆರ್ಡರು ಕೈತಪ್ಪಿದಾಗ ಏನು ಮಾಡಿದಿರಿ ಎಂದಳು. ಅವನು ತಡವರಿಸಿದ. ಬಟ್ಟೆಯ ದರ ಏರಿದಾಗ ಯಾವುದರಲ್ಲಿ ಉಳಿಸಿದಿರಿ ಎಂದಳು. ಅವನು ಕೆಲಸದವರು ನೋಡಿಕೊಳ್ಳುತ್ತಾರೆ ಎಂದ. ಮೊದಲ ವರ್ಷ ಅಂಗಡಿಯ ಹೊಲಿಗೆಯನ್ನು ನಾನೇ ಮಾಡುತ್ತೇನೆಂದು ನಿಮ್ಮ ಯೋಜನೆಯಲ್ಲಿ ಬರೆದಿದ್ದೀರಿ; ಚಳಿಗಾಲದ ಕೋಟಿಗೆ ಹೊಸ ಲೈನಿಂಗು ಹಾಕುವುದನ್ನು ಹಂತಹಂತವಾಗಿ ಹೇಳಿ ಎಂದಳು.

ಒಳಗಿಂದ ಹಾಳೆ ತಿರುವುವ ಸದ್ದಷ್ಟೇ ಬಂತು. ಅಡುಗೆಮನೆಯಲ್ಲಿ ಅಂಬಿಕಳ ಬೆರಳು ತಾನಾಗಿ ತನ್ನ ಕಂಕುಳಿಗೆ ಹೋಯಿತು. ಬಾಗಿಲು ಒಂದು ಗೇಣು ತೆರೆದರೆ ಸಾಕಿತ್ತು. ಅನು ಅಮ್ಮನ ಸೆರಗು ಹಿಡಿದುಕೊಂಡಳು.

"ನಿಮ್ಮ ಕಡೆ ಈ ಕೆಲಸ ಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ?" ಅಧಿಕಾರಿ ಕೊನೆಯದಾಗಿ ಕೇಳಿದಳು.

"ಇಲ್ಲ, ನಾನೇ" ಎಂದ ವೇಣುಗೋಪಾಲ್.

ಏಳು ವಾರದ ಮೇಲೆ ಪತ್ರ ಬಂತು. ವ್ಯವಹಾರವನ್ನು ಅರ್ಜಿದಾರನೇ ನಡೆಸಿದ್ದಾನೆಂದು ನಂಬಲು ಆಧಾರ ಸಾಲದು, ಅರ್ಜಿ ತಿರಸ್ಕೃತ. ಅನು ಓದಿ ಹೇಳಿ ಒಳಗೆ ಹೋದಳು.

"ಆ ಆಫೀಸರಮ್ಮ ಕಡೇಗೆ ಕೇಳಿದ್ಳಲ್ಲ" ಎಂದಳು ಅಂಬಿಕ. "ನನ್ ಎಂಡ್ತಿ ಅವ್ಳೆ, ಅವ್ಳೇ ಎಲ್ಲಾ ಮಾಡೋದು ಅಂತ ಯಾಕನ್ನಲಿಲ್ಲ?"

"ಅಂದಿದ್ರೂ ಕೊಡ್ತಿದ್ರೋ ಇಲ್ವೋ."

"ಕೊಡದೇ ಓದ್ರೆ ಓಗ್ಲಿ. ನಾನು ಕೇಳಿದ್ದು ಅದಲ್ಲ."

ವೇಣುಗೋಪಾಲ್ ನೆಲ ನೋಡಿದ. "ಬಾಯಿಗೆ ಬಂದಿತ್ತು ಕಣೆ. ನಾಚ್ಕೆ ಆಯ್ತು."

ಯಾವುದಕ್ಕೆ ನಾಚಿಕೆಯೆಂದು ಅವಳು ಕೇಳಲಿಲ್ಲ. ಅರ್ಜಿ ಹೋದದ್ದನ್ನು, ದೇಶ ದೊಡ್ಡದು, ಅವರ ಕಾಯಿದೆ ಅವರದು ಎಂದು ತಡೆದುಕೊಳ್ಳಬಹುದಿತ್ತು. ಆದರೆ ಸಂದರ್ಶನದ ಸಂಜೆ ಅವನು ಹೇಳಿದ 'ಇಲ್ಲ, ನಾನೇ' ಎಂಬ ಎರಡು ಪದವನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಭಾನುವಾರ ಐರೀನಮ್ಮನಿಗೆ ಅವಳೇ ಕರೆ ಮಾಡಿದಳು. ಅನುವನ್ನು ಕೂರಿಸಿಕೊಳ್ಳಲಿಲ್ಲ. ತನಗೆ ಬಂದ ನಾಲ್ಕು ಇಂಗ್ಲಿಷ್ ಪದಗಳಲ್ಲಿ, ನೋ ವೀಸಾ ಅಮ್ಮ, ಎಂದಳು. ಐರೀನಮ್ಮ ಏನೇನೋ ಹೇಳಿದಳು. ಅರ್ಥವಾದದ್ದು ಒಂದೇ: ಅಂಗಡಿ ಕೊಡಬೇಕೆಂದಿದ್ದದ್ದು ನಿನಗೆ, ಅವನಿಗಲ್ಲ. ಚಳಿಗಾಲ ಮುಗಿಯುವವರೆಗೆ ಆಕೆ ಬೇರೆ ಯಾರಿಗೂ ಮಾತು ಕೊಡದೆ ಕಾದಳಂತೆ. ಆಮೇಲೆ ಅಂಗಡಿ ಮುಚ್ಚಿ, ಮೂರು ಗಂಟೆ ದೂರದ ವೃದ್ಧಾಶ್ರಮಕ್ಕೆ ಹೋದಳು. ಅಲ್ಲಿಂದ ಎರಡು ಸಲ ಕರೆ ಬಂತು. ಎರಡನೆಯ ಸಲ ಆಕೆಗೆ ಅಂಬಿಕ ಯಾರೆಂಬುದು ಸರಿಯಾಗಿ ನೆನಪಿದ್ದಂತಿರಲಿಲ್ಲ. ಆದರೂ ಬಟ್ಟೆ ಮಡಿಚುವಂತೆ ಕೈಯಾಡಿಸುತ್ತಲೇ ಇದ್ದಳು.

ಐದು ವರ್ಷದ ಕರಾರು ಅಡ್ಡ ನಿಂತದ್ದರಿಂದ ಅಂಬಿಕ ಗೋಪಿಯ ಹತ್ತಿರವೇ ಸಂಬಳಕ್ಕೆ ಸೇರಿದಳು. ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲನ್ನು ಊರಿಗಾಂನಲ್ಲಿ ಹತ್ತಿ ಬಂಗಾರಪೇಟೆಯಲ್ಲಿ ಇಳಿಯುತ್ತಾಳೆ. ಗೋಪಿ ಮರ್ಯಾದಸ್ಥ, "ಅಕ್ಕ, ಈ ಕಟಿಂಗ್ ನೀವೇ ನೋಡಿ" ಎಂದೇ ಮಾತಾಡುತ್ತಾನೆ. ಹನ್ನೆರಡು ಮೆಷಿನ್ನಿನಲ್ಲಿ ಯಾವುದು ದಾರ ತುಂಡರಿಸುತ್ತದೆ, ಯಾವುದಕ್ಕೆ ಎಣ್ಣೆ ಹೆಚ್ಚು ಬೇಕು ಎನ್ನುವುದು ಅವಳಿಗೆ ಮಾತ್ರ ಗೊತ್ತು. ಕೇಳಿದರೆ ಹೇಳುತ್ತಾಳೆ. ಕೇಳದಿದ್ದರೆ ಸುಮ್ಮನಿರುತ್ತಾಳೆ. ಮಾರಿಯಮ್ಮ ಈಗ ರಾಬರ್ಟ್‌ಸನ್‌ಪೇಟೆಯಲ್ಲಿ ಎರಡು ಮನೆಯ ಪಾತ್ರೆ ತೊಳೆಯುತ್ತಾಳೆ. ಎದುರು ಸಿಕ್ಕರೆ ಅಂಬಿಕಳಿಗೆ ಕಣ್ಣು ಕೊಟ್ಟು ಮಾತಾಡಲಾಗುವುದಿಲ್ಲ.

ಕನ್ಸಲ್ಟೆಂಟಿಗೆ ಹೋದದ್ದು ಹೋಗಿ ಉಳಿದ ಹಣದಲ್ಲಿ ಅನು ಕೋಲಾರದ ಕಾಲೇಜು ಸೇರಿದಳು. ವೇಣುಗೋಪಾಲ್ ಮನೆಯಲ್ಲಿಯೇ ಇರುತ್ತಾನೆ. ಅನ್ನಕ್ಕಿಡುತ್ತಾನೆ, ನೀರು ಹಿಡಿಯುತ್ತಾನೆ, ಹೆಂಡತಿ ಬರುವ ಹೊತ್ತಿಗೆ ಸ್ಟೇಷನ್ನಿಗೆ ಸ್ಕೂಟರ್ ತರುತ್ತಾನೆ. ಅವಳು ಹಿಂದೆ ಕೂರುತ್ತಾಳೆ. ಊಟದ ಚೀಲವನ್ನು ಇಬ್ಬರ ನಡುವೆ ಇಟ್ಟುಕೊಳ್ಳುತ್ತಾಳೆ.

ಹೋದ ತಿಂಗಳು ಒಂದು ಭಾನುವಾರ ಅವನು ಮೂಲೆಯಲ್ಲಿ ಮುಸುಕು ಹಾಕಿಟ್ಟಿದ್ದ, ಅವಳ ತಂದೆ ಕೊಟ್ಟ ಹಳೆಯ ಮೆಷಿನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದ. ಅವಳು ಬಾಗಿಲಲ್ಲಿ ನಿಂತಳು.

"ನಂಗೂ ಒಂಚೂರು ಕಲಿಸ್ತೀಯಾ?" ಎಂದ, ತಿರುಗಿ ನೋಡದೆ.

"ಇವಾಗ್ಯಾಕೆ?"

ದಾರ ಮತ್ತೆ ತಪ್ಪಿತು. ಅಂಬಿಕ ಹತ್ತಿರ ಹೋಗಿ, ಸೂಜಿಯ ಕಣ್ಣಿಗೆ ಸಲೀಸಾಗಿ ಹೋಗುವಂತೆ ದಾರದ ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿಕೊಟ್ಟಳು. ಆಮೇಲೆ ಸೊಪ್ಪು ಬಿಡಿಸಲು ಹಿತ್ತಿಲಿಗೆ ಹೋದಳು.