ಬೋರಲಾದ ಕೊಳಗ

ಸಾಸ್ವೆಹಳ್ಳಿಯ ಗೆಳತಿಯೂ ನನ್ನ ಹಾಗೇ ಆನ್‌ಲೈನ್ ಟೀಚರ್. ಅವಳ ಮನೆಗೆ ಹೋದರೆ, ಲ್ಯಾಪ್‌ಟಾಪಿನ ಕೆಳಗೆ ಭತ್ತ ಅಳೆಯುವ ಹಿತ್ತಾಳೆ ಕೊಳಗ, ಅದೂ ಬೋರಲು! ಕೊಳಗ ಬೋರಲು ಹಾಕಿದರೆ ಮನೆಗೆ ಕೇಡು ಅನ್ನುವವರು ನಾವು. ನಾನು ಬೆಚ್ಚಿದ್ದು ನೋಡಿ ಅವಳ ಅತ್ತೆ ಅಂದರು:

"ನಾನೇ ಇಟ್ಟೀನಿ ತಾಯಿ. ಬಗ್ಗಿ ಬಗ್ಗಿ ಪಾಠ ಮಾಡಿ ಇವಳಿಗೆ ಕತ್ತು ತಿರುಗ್ಸಾಕೆ ಆಗ್ತಿರ್ಲಿಲ್ಲ. ಕೇಡು ಬಂದ್ರೆ ನಂಗೆ ಬರ್ಲಿ ಬಿಡು."

ನನ್ನ ಹೊಟ್ಟೆ ಉರಿದುಹೋಯಿತು. ಇಂಥ ಅತ್ತೆ ಅವಳಿಗೇ ಯಾಕೆ ಸಿಗಬೇಕಿತ್ತು? ನನ್ನ ಕತ್ತೂ ವರ್ಷದಿಂದ ನೋಯುತ್ತಿದೆ. "ಕುಂತು ಮಾತಾಡಾಕೆ ಎಂಥ ನೋವು?" ಅನ್ನುತ್ತಾರೆ ನಮ್ಮತ್ತೆ.

ಹೊನ್ನಾಳಿಯ ನಮ್ಮ ಮನೆಗೆ ಬಂದವಳೇ ದೇವರ ಕೋಣೆಗೆ ಇಣುಕಿದೆ. ನಮ್ಮ ಕೊಳಗ ಕುಂಕುಮ ಹಚ್ಚಿಕೊಂಡು ನೆಟ್ಟಗೆ ಕೂತಿತ್ತು. ನಾನು ಕತ್ತು ಬಗ್ಗಿಸಿ ಸಂಜೆಯ ಪಾಠ ಶುರು ಮಾಡಿದೆ.