ಮಾಡಿ ತೋರಿಸುವ ಮೇಷ್ಟ್ರು

ನಮ್ಮ ಟ್ಯೂಷನ್ ಮೇಷ್ಟ್ರು ಇಂಗ್ಲಿಷ್ ಪದಗಳ ಅರ್ಥ ಹೇಳುವವರಲ್ಲ, ಮಾಡಿ ತೋರಿಸುವವರು. ‘ಟೆರಿಫೈಡ್’ ಎಂದರೆ ಬಾಗಿಲ ಹಿಂದೆ ಅವಿತು ಗಡಗಡ ನಡುಗುತ್ತಾರೆ. ಮಕ್ಕಳು ಬಿದ್ದು ಬಿದ್ದು ನಗುತ್ತವೆ. “ಆಂಗ್ರಿ ಅಂದ್ರೆ ಹಾಲು ಬಿಸಿಯಾದ ಹಾಗೆ ಕಣ್ರೋ, ಫ್ಯೂರಿಯಸ್ ಅಂದ್ರೆ ಉಕ್ಕಿ ಒಲೇನೇ ಆರಿಸಿದ ಹಾಗೆ,” ಎಂದು ಮೇಜು ಗುದ್ದುತ್ತಾರೆ. ಅಡುಗೆಮನೆಯಲ್ಲಿರುವ ಹೆಂಡತಿಗೆ ಮಾತ್ರ ಇದು ಸೋಜಿಗ, ಮನೆಯವರೊಡನೆ ಈ ಮನುಷ್ಯ ಬಾಯೇ ಬಿಡುವುದಿಲ್ಲ. ಮಗಳು ತೀರಿಹೋದಾಗಲೂ ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಲ್ಲಿ ಎದೆ ಒಡೆದುಕೊಳ್ಳುತ್ತಾರೋ ಎಂದು ಆಕೆಗೆ ಅಂದಿನಿಂದಲೂ ದಿಗಿಲು. ನಿನ್ನೆ ಪಾಠದಲ್ಲಿ ‘ಗ್ರೀಫ್’ ಬಂತು. ಮೇಷ್ಟ್ರು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಮಕ್ಕಳು ಚಪ್ಪಾಳೆ ತಟ್ಟಿದವು. “ಸೂಪರ್ ಸಾರ್, ಇನ್ನೊಂದ್ಸಲ ಮಾಡಿ ಸಾರ್.” ಹೆಂಡತಿ ಹೊರಗೆ ಬಂದು, “ಇವತ್ತಿಗೆ ಸಾಕು, ಮನೆಗೆ ಹೋಗ್ರಪ್ಪ,” ಎಂದು ಅವರನ್ನೆಲ್ಲ ಕಳಿಸಿದಳು. ಆಮೇಲೆ ಗಂಡನ ಪಕ್ಕ ಕುಳಿತು, ಬೆನ್ನು ಸವರುತ್ತ, “ನಿಲ್ಲಿಸ್ಬೇಡಿ ರೀ,” ಎಂದಳು.