ಮುಳ್ಳಪ್ಪನ ಸ್ಕೂಟರಿಗೆ ಒಂದು ಶೀಶೆ ಎಣ್ಣೆ

ವೈದ್ಯನ ಮನೆಯವರಿಗೆಲ್ಲ ಕೆಮ್ಮು ಹಿಡಿದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಗಡಿಯಾರ ರಿಪೇರಿಯವನ ಹೆಂಡತಿ ಕೆಲಸಕ್ಕೆ ತಡವಾಗಿ ಹೋದರೆ ಮಾತ್ರ ಯಾರಿಗೂ ಪಾಪ ಅನ್ನಿಸುವುದಿಲ್ಲ, ನಗು ಬರುತ್ತದೆ. ಮುಳ್ಳಪ್ಪನಿಗೆ ಸ್ಕೂಟರಿನ ಯೋಚನೆ ಬಂದದ್ದು ಈ ನಗುವಿನಿಂದ.

ಮುಳ್ಳಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವರಿಟ್ಟದ್ದು ಅಂಗಡಿಯ ಬೋರ್ಡಿನ ಮೇಲಿದೆ, ಅದನ್ನು ಓದುವ ಗೋಜಿಗೆ ಯಾರೂ ಹೋಗಿಲ್ಲ. ಹಗಲೆಲ್ಲ ಗಡಿಯಾರದ ಮುಳ್ಳುಗಳ ನಡುವೆ ಕೂರುವ ಮನುಷ್ಯ, ಮಾತೂ ಚುಚ್ಚುವ ಜಾತಿಯದು, ಬೀದಿಗೆ ಇಷ್ಟು ಸಾಕಾಯಿತು. ಅಂಗಡಿ ಇರುವುದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಗೋಡೆಯ ತುಂಬ ಗಡಿಯಾರಗಳು, ಒಂದರ ಮಾತು ಇನ್ನೊಂದಕ್ಕೆ ಒಪ್ಪಿಗೆಯಿಲ್ಲ. ಯಾರಾದರೂ ಆಡಿಕೊಂಡರೆ, "ಅವೆಲ್ಲ ಗಿರಾಕಿಗಳದ್ದು. ಟೈಮ್ ಬೇಕಾದ್ರೆ ನನ್ನ ಕೇಳಿ" ಎಂದು ಮಣಿಕಟ್ಟು ಮುಂದೆ ಮಾಡುತ್ತಿದ್ದ. ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಅಂಗಡಿಯಲ್ಲಿ ಊಟದ ಹೊತ್ತಿಗೂ ಹಣೆಯ ಮೇಲಕ್ಕೆ ಸರಿಸುತ್ತಿದ್ದನೇ ಹೊರತು ತೆಗೆಯುತ್ತಿರಲಿಲ್ಲ. ತಾನು ಜಗತ್ತನ್ನು ದೊಡ್ಡದಾಗಿ ನೋಡುತ್ತೇನೆ ಎಂಬುದು ಅವನ ನಂಬಿಕೆ. ಅವನು ನೋಡುತ್ತಿದ್ದದ್ದು ಜಗತ್ತಿನ ಬಹಳ ಸಣ್ಣ ತುಂಡು ಎಂದು ಹೇಳುವ ಧೈರ್ಯ ಹೆಂಡತಿಗಿತ್ತು, ಪುರುಸೊತ್ತಿರಲಿಲ್ಲ.

ಅವಳಿಗೆ ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಬಟ್ಟೆ ಕೋಣೆಯ ಜವಾಬ್ದಾರಿ. ಒಗೆದು ಮಡಚಿದ ಹಾಸಿಗೆ ಬಟ್ಟೆ, ಆಪರೇಷನ್ನಿಗೆ ಹಾಕುವ ಹಸಿರು ಗೌನು, ಎಲ್ಲ ಆ ಕೋಣೆಯಲ್ಲಿ. ಬೀಗದ ಕೈ ಅವಳ ಸೊಂಟದಲ್ಲಿ. ಬೆಳಗ್ಗೆ ಅವಳು ಬಂದು ಬಾಗಿಲು ತೆಗೆಯುವ ತನಕ ಎಷ್ಟೇ ದೊಡ್ಡ ಸರ್ಜನ್ ಆದರೂ ತೊಳೆದ ಕೈ ಮೇಲೆತ್ತಿಕೊಂಡು ನಿಂತಿರಬೇಕು. ಅಲ್ಲಿಯ ತನಕ ಅವಳು ದುಡಿದದ್ದು ಹೊಲಿಗೆ ಕಾರ್ಖಾನೆಯಲ್ಲಿ, ಗಂಟೆಗೆ ಇಷ್ಟು ತೋಳು, ಇಷ್ಟು ಕಾಲರು ಎಂದು. ತನ್ನ ದಾರಿ ಕಾಯುವ ಕೆಲಸ ಅವಳ ಬಾಳಿನಲ್ಲಿ ಇದೇ ಮೊದಲು. ಈಗಿರುವುದು ಪರೀಕ್ಷೆಯ ಅವಧಿ, ದಾಟಿದರೆ ಕಾಯಂ.

ಅಡ್ಡ ಬಂದದ್ದು ಬಸ್ಸು. ಬೆಳಗಿನ ಮೊದಲ ಬಸ್ಸಿನ ಡ್ರೈವರು ಸೀಟು ತುಂಬುವ ತನಕ ಮೂಲೆಯಲ್ಲಿ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ. ಅವಳು ತಡವಾಗಿ ಇಳಿದ ಒಂದು ದಿನ ಆಸ್ಪತ್ರೆಯ ಮೇಲ್ವಿಚಾರಕಿ ಮೇಟ್ರನ್ ಬಾಗಿಲಲ್ಲೇ ಹಿಡಿದರು.

"ಇನ್ನೊಂದ್ಸಲ ಹೀಗಾದ್ರೆ ಆ ಬೀಗದ ಕೈ ಬೇರೆಯವರ ಸೊಂಟಕ್ಕೆ ಹೋಗುತ್ತೆ, ಆಯ್ತಾ?" ಎಂದರು. ಅವಳು ತಲೆಯಾಡಿಸಿ ಒಳಗೆ ಹೊರಟಾಗ ಹಿಂದಿನಿಂದ ಸಣ್ಣಗೆ ಸೇರಿಸಿದರು: "ನಿಮ್ಮ ಯಜಮಾನ್ರು ವಾಚ್ ರಿಪೇರಿ ಮಾಡ್ತಾರಂತಲ್ಲ?"

ಈ ಕೊನೆಯ ಮಾತನ್ನು ಅವಳು ಗಂಡನಿಗೆ ಹೇಳಬಾರದಿತ್ತು. ಹೇಳಿದಳು. ಅವನು ಆ ವಾರವೇ ಸ್ಕೂಟರ್ ನೋಡಲು ಹೊರಟ.

ಹೆಂಡತಿಯ ತಮ್ಮನೇ ಮೆಕ್ಯಾನಿಕ್. ರಸ್ತೆ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಊರಿನ ಅರ್ಧ ಗಾಡಿಗಳನ್ನು ಬಿಚ್ಚಿ ಹರಡಿಕೊಂಡು ಕೂತಿರುತ್ತಿದ್ದ. ಗಾಡಿ ಕೊಳ್ಳುವ ಯಾರೇ ಆಗಲಿ ಇಂಥ ಭಾವಮೈದನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಮುಳ್ಳಪ್ಪ ಕರೆಯಲಿಲ್ಲ. ಕೈಗೆ ಗ್ರೀಸು ಮೆತ್ತಿಕೊಂಡವರು ಯಂತ್ರದ ಮರ್ಯಾದೆ ಕಳೆಯುತ್ತಾರೆ ಎಂಬುದು ಅವನ ಸಿದ್ಧಾಂತ.

ಸ್ಕೂಟರ್ ಮಾರುತ್ತಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮುಳ್ಳಪ್ಪ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೊಂದೇ ಸ್ಕ್ರೂ ನೋಡತೊಡಗಿದ. ಮೇಷ್ಟ್ರು ಒಳಗೆ ಹೋಗಿ ಕಾಫಿ ಕುಡಿದು ಬಂದರೂ ಅವನು ಹ್ಯಾಂಡಲ್ ದಾಟಿರಲಿಲ್ಲ.

"ಏನ್ ಕಾಣಿಸ್ತು?" ಎಂದರು.

"ಯಂತ್ರ ಅಂದ್ರೆ ಪುಸ್ತಕ ಇದ್ದ ಹಾಗೆ ಮೇಷ್ಟ್ರೇ. ಓದೋಕೆ ಬರಬೇಕು."

"ಹಾಗಾದ್ರೆ ಟೈರನ್ನೂ ಒಂಚೂರು ಓದಿ. ಅದರಲ್ಲಿ ಅಕ್ಷರ ಎಲ್ಲ ಅಳಿಸಿಹೋಗಿದೆ" ಎಂದರು ಮೇಷ್ಟ್ರು. ಮಾರುವವರಲ್ಲಿ ಇಂಥ ಪ್ರಾಮಾಣಿಕರು ಅಪರೂಪ. ಮುಳ್ಳಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕಿವಿ ಆಗಲೇ ಎಂಜಿನ್ನಿನ ಮೇಲಿತ್ತು. ಸ್ಟಾರ್ಟ್ ಮಾಡಿಸಿ, ಕೈಗಡಿಯಾರಕ್ಕೆ ಕಿವಿಗೊಟ್ಟ ಹಾಗೆ ಕಣ್ಣು ಮುಚ್ಚಿ ಕೇಳಿ, "ಬಡಿತ ಸರಿಯಾಗಿದೆ" ಎಂದು ತೀರ್ಪು ಕೊಟ್ಟ.

ಗಾಡಿ ಮನೆಗೆ ಬಂದ ಸಂಜೆ ಭಾವಮೈದ ನೋಡಲು ಬಂದ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರಿಗೆ ಬೂಟುಗಾಲಲ್ಲಿ ತಟ್ಟಿ, ನಿಟ್ಟುಸಿರು ಬಿಟ್ಟ. ಅವನೇನೂ ವಿನಯದ ಮನುಷ್ಯನಲ್ಲ. ತಾನು ಮುಟ್ಟಿದರೆ ಕಲ್ಲೂ ಸ್ಟಾರ್ಟ್ ಆಗುತ್ತದೆ ಎಂದು ಹೇಳಿಕೊಂಡು ತಿರುಗುವವನು.

"ಭಾವ, ತಗೊಳೋಕೆ ಮುಂಚೆ ನಂಗೊಂದು ಮಾತು ಹೇಳಬಾರ್ದಿತ್ತಾ?"

"ನಿಂದು ಸುತ್ತಿಗೆ ಕೆಲಸ ಕಣಪ್ಪ. ನಂದು ಚಿಮಟದ್ದು."

"ಸರಿ ಬಿಡಿ. ನಾಳೆ ಬೆಳಗ್ಗೆ ಚಿಮಟದಲ್ಲೇ ಕಿಕ್ ಹೊಡೀರಿ."

ಮರುದಿನ ಬೆಳಗ್ಗೆ ಕಿಕ್ ಹೊಡೆಯುವ ಕಾರ್ಯಕ್ರಮಕ್ಕೆ ಬೀದಿಯೇ ಎದ್ದು ನಿಂತಿತು. ಮುಳ್ಳಪ್ಪ ಒದ್ದ. ಗಾಡಿ ಕೆಮ್ಮಿತು. ಎದುರು ಮನೆಯ ಬಡಗಿ ಹಲ್ಲುಜ್ಜುತ್ತಲೇ ಬಂದು, "ಎಡಕ್ಕೆ ವಾಲಿಸಿ, ಪೆಟ್ರೋಲ್ ಇಳೀಲಿ" ಎಂದ. ಮೇಲ್ಮನೆಯ ಅಜ್ಜಿ ಬಾಲ್ಕನಿಯಿಂದ, "ಬಲಕ್ಕೆ, ಬಲಕ್ಕೆ" ಎಂದರು. ಗಾಡಿ ಎರಡೂ ಕಡೆ ವಾಲಿ ಎಲ್ಲರ ಮಾತೂ ನಡೆಸಿಕೊಟ್ಟು, ಕೊನೆಗೆ ತನಗೆ ಮನಸ್ಸಾದಾಗ ಸ್ಟಾರ್ಟ್ ಆಯಿತು. ಹೆಂಡತಿ ಆಸ್ಪತ್ರೆಯ ಬಿಳಿ ಕೋಟು ಮುದುರದ ಹಾಗೆ ಹಿಂದೆ ಕೂತಳು. ಆಸ್ಪತ್ರೆಗೆ ಸರಿಯಾದ ಹೊತ್ತಿಗೆ ಮುಟ್ಟಿದರು. ಮರುದಿನವೂ, ಅದರ ಮರುದಿನವೂ.

ಮುಳ್ಳಪ್ಪ ಗಾಡಿಯ ಆರೈಕೆಗೆ ಇಳಿದ. ಸ್ಪಾರ್ಕ್ ಪ್ಲಗ್ಗನ್ನು ಗಡಿಯಾರದ ಬ್ರಷ್ಷಿನಿಂದ ಉಜ್ಜಿದ. ಸತ್ತುಬಿದ್ದಿದ್ದ ಸ್ಪೀಡೋಮೀಟರನ್ನು ಅಂಗಡಿಗೆ ಒಯ್ದು, ಬಿಚ್ಚಿ, ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಸರಿಪಡಿಸಿ, ಮುಳ್ಳಿಗೆ ಹೊಸ ಕೆಂಪು ಬಣ್ಣ ಹಚ್ಚಿ ಕೂರಿಸಿದ. ಇಡೀ ಗಾಡಿಯಲ್ಲಿ ತಪ್ಪಿಲ್ಲದೆ ನಡೆಯುತ್ತಿದ್ದದ್ದು ಅದೊಂದೇ. ಎಷ್ಟು ನಿಧಾನವಾಗಿ ಹೋಗುತ್ತಿದ್ದೇವೆ ಎಂದು ಅದು ಬಹಳ ನಿಖರವಾಗಿ ತೋರಿಸುತ್ತಿತ್ತು.

ಉಳಿದ ಒಂದೇ ತಲೆನೋವು ಹೊಗೆ. ಈ ಜಾತಿಯ ಹಳೆಯ ಸ್ಕೂಟರಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಕುಡಿಸಬೇಕು, ಕುಡಿದದ್ದನ್ನು ಅದು ಹೊಗೆಯಾಗಿ ಬಿಡುತ್ತದೆ. ಆ ಹೊಗೆಯ ಪಾಲೊಂದು ಹಿಂದೆ ಕೂತವಳ ಬಿಳಿ ಕೋಟಿಗೆ ಹೋಗುತ್ತಿತ್ತು. ಒಂದು ದಿನ ಮೇಟ್ರನ್ ಮೂಗು ಅರಳಿಸಿ, "ಒಗೆದ ಬಟ್ಟೆ ಕಾಯೋರೇ ಹೊಗೆ ನಾತ ಹೊಡೆದ್ರೆ ಹೇಗಮ್ಮ?" ಎಂದರಂತೆ.

"ಗೊತ್ತಿತ್ತು. ಎಣ್ಣೆ ಜಾಸ್ತಿ ಆಗಿದೆ" ಎಂದ ಮುಳ್ಳಪ್ಪ. "ಎಣ್ಣೆ ಜಾಸ್ತಿ ಕೊಟ್ರೆ ಯಂತ್ರ ಸೋಮಾರಿಯಾಗುತ್ತೆ. ಕೊಳೆ ಹಿಡಿಯುತ್ತೆ. ಸೂಜಿ ಮೊನೆಯಲ್ಲಿ ಎಷ್ಟು ನಿಲ್ಲುತ್ತೋ ಅಷ್ಟೇ ಕೊಡಬೇಕು."

"ರೀ, ನನ್ನ ತಮ್ಮನ್ನ ಒಂದ್ಸಲ ಕೇಳಿ."

"ಅವನ್ನ ಕೇಳಿದ್ರೆ ಡಬ್ಬಗಟ್ಟಲೆ ಸುರಿ ಅಂತಾನೆ. ಅಡುಗೆ ಮಾಡೋರಿಗೆ ಹೇಳೋ ಮಾತು ಅದು."

ಗಡಿಯಾರದ ವಿಷಯಕ್ಕೆ ಅವನು ಹೇಳಿದ್ದು ಅಕ್ಷರಶಃ ನಿಜ. ಅದನ್ನೇ ಇಡೀ ಸೃಷ್ಟಿಗೆ ಹಚ್ಚಿದ್ದು ಮಾತ್ರ ಅವನ ಸ್ವಂತ ಸಾಹಸ.

ಪೆಟ್ರೋಲ್ ಬಂಕಿನ ಹುಡುಗಿ ಟ್ಯಾಂಕ್ ತುಂಬಿಸಿ, ಎಣ್ಣೆಯ ಅಳತೆ ಡಬ್ಬಕ್ಕೆ ಕೈ ಹಾಕಿದಳು. ಮುಳ್ಳಪ್ಪ ತಡೆದ.

"ಬೇಡಮ್ಮ."

"ಇದು ಟೂ ಸ್ಟ್ರೋಕ್ ಗಾಡಿ ಸಾರ್, ಎಣ್ಣೆ ಹಾಕ್ಲೇಬೇಕು."

"ಗೊತ್ತು. ಎಣ್ಣೆ ನಮ್ಮದೇ ಇದೆ" ಎಂದು ಎದೆಯ ಜೇಬಿನಿಂದ ಹೆಬ್ಬೆರಳು ಗಾತ್ರದ ಶೀಶೆ ತೆಗೆದ.

ಹುಡುಗಿ ಬಗ್ಗಿ ನೋಡಿದಳು. "ಕಣ್ಣಿಗೆ ಬಿಡೋ ಔಷಧಿ ಅಲ್ವಾ ಸಾರ್ ಇದು?"

ಅದು ಗಡಿಯಾರದ ಎಣ್ಣೆ, ಶುದ್ಧವಾದದ್ದು. ಊರಿನ ಗಡಿಯಾರಗಳೆಲ್ಲ ಒಂದು ವರ್ಷ ತಿರುಗುವಷ್ಟು ಎಣ್ಣೆ ಆ ಶೀಶೆಯಲ್ಲಿತ್ತು. ಮುಳ್ಳಪ್ಪ ಜಿಪುಣತನ ಮಾಡಲಿಲ್ಲ. ಮೊದಲು ನಾಲ್ಕು ಹನಿ ಬಿಟ್ಟ, ತಡೆದು ಯೋಚಿಸಿದ, ಆಮೇಲೆ ಹೆಂಡತಿಯ ಕೆಲಸದ ಪ್ರಶ್ನೆ ಎಂದುಕೊಂಡು ಇಡೀ ಶೀಶೆಯನ್ನೇ ಬಗ್ಗಿಸಿದ. ಇಷ್ಟು ಧಾರಾಳವಾಗಿ ಎಣ್ಣೆ ಸುರಿದದ್ದು ಅವನ ಜನ್ಮದಲ್ಲೇ ಮೊದಲು. ಟ್ಯಾಂಕಿನ ಲೆಕ್ಕದಲ್ಲಿ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಎಂಜಿನ್ನಿನಲ್ಲಿ ಅಂಟಿಕೊಂಡಿದ್ದ ಹಳೆಯ ಎಣ್ಣೆಯ ಪುಣ್ಯದಿಂದ ಗಾಡಿ ಸ್ವಲ್ಪ ದಿನ ಓಡಿತು. ಹೊಗೆ ಪೂರ್ತಿ ನಿಂತಿತು. ಸದ್ದೂ ಬದಲಾಗಿ ಒಂಥರಾ ಒಣಗಿದ ಕಂಠದಲ್ಲಿ ಹಾಡಿದ ಹಾಗಿತ್ತು. ಮುಳ್ಳಪ್ಪ ಅದನ್ನು ಶ್ರುತಿ ಸೇರಿದೆ ಎಂದು ಅರ್ಥ ಮಾಡಿಕೊಂಡ. ಬಡಗಿಯನ್ನು ಕರೆದು ಸೈಲೆನ್ಸರಿನ ಹಿಂದೆ ಬಿಳಿ ಕರ್ಚೀಫು ಹಿಡಿದು ತೋರಿಸಿದ. "ಕಾಣ್ತಿದೆಯಾ? ಒಂದು ಚುಕ್ಕೆ ಇಲ್ಲ. ಮೆಕ್ಯಾನಿಕ್ಕುಗಳು ಜನರನ್ನ ಹೇಗೆ ಯಾಮಾರಿಸ್ತಾರೆ ನೋಡು." ಬಡಗಿ ಕರ್ಚೀಫನ್ನೇ ಮೆಚ್ಚಿ ಹೋದ.

ಗಾಡಿ ಕೈಕೊಟ್ಟದ್ದು ಸೇತುವೆಗೆ ಹತ್ತುವ ಏರಿನಲ್ಲಿ. ಮೊದಲು ಎಂಜಿನ್ ತೇಕಿತು. ಮುಳ್ಳಪ್ಪ ಆಕ್ಸಿಲರೇಟರ್ ತಿರುಗಿಸಿದ. ಒಳಗಿನಿಂದ ಕಿರ್ರನೆ ಒಂದು ಸದ್ದು ಬಂದು ಹಿಂದಿನ ಚಕ್ರ ಬಿಗಿದು ಹಿಡಿಯಿತು, ಗಾಡಿ ರಸ್ತೆಗೆ ಗೀರೆಳೆದುಕೊಂಡು ಅಡ್ಡವಾಗಿ ನಿಂತಿತು. ಇಬ್ಬರೂ ಬೀಳಲಿಲ್ಲ. ಅವರು ಹೋಗುತ್ತಿದ್ದ ವೇಗದಲ್ಲಿ ಬೀಳುವುದಕ್ಕೂ ಪ್ರಯತ್ನ ಪಡಬೇಕಿತ್ತು.

ಅವನು ಕಿಕ್ ಹೊಡೆದ. ಕಿಕ್ಕರ್ ಗೋಡೆಗೆ ಒದ್ದ ಹಾಗೆ ಅಲುಗಲಿಲ್ಲ. ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ಕೊನೆಗೆ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ರಸ್ತೆಯ ಮಧ್ಯೆ ಕೂತುಬಿಟ್ಟ.

ಹೆಂಡತಿ ಸೊಂಟದ ಬೀಗದ ಕೈ ಒಮ್ಮೆ ಮುಟ್ಟಿ ನೋಡಿಕೊಂಡಳು. ಆಸ್ಪತ್ರೆಯಲ್ಲಿ ಈಗ ಯಾರೋ ಕೈ ತೊಳೆದುಕೊಳ್ಳುತ್ತಿರುತ್ತಾರೆ. "ರೀ" ಎಂದಳು.

"ತಾಳು, ನೋಡ್ತಿದೀನಿ."

"ನೋಡ್ತಾ ಇರಿ. ನಾನು ಹೊರಟೆ."

ಏರಿನಲ್ಲಿ ತೇಕುತ್ತ ಬರುತ್ತಿದ್ದ ನೀರಿನ ಟ್ಯಾಂಕರಿಗೆ ಕೈ ಅಡ್ಡ ಹಿಡಿದಳು. ಡ್ರೈವರನ ಜೊತೆ ಎರಡು ಮಾತಾಡಿದಳು, ಬಿಳಿ ಕೋಟನ್ನು ಎತ್ತಿ ಹಿಡಿದು ಕ್ಯಾಬಿನ್ನಿಗೆ ಹತ್ತಿದಳು. ಟ್ಯಾಂಕರ್ ಹೋದ ದಾರಿಯಲ್ಲಿ ನೀರು ಸೋರಿದ ಒಂದು ಗೆರೆ ಉಳಿಯಿತು. ಅವಳು ಸಮಯಕ್ಕೆ ಮುಟ್ಟಿದಳೋ ಇಲ್ಲವೋ ಅವನಿಗೆ ತಿಳಿಯುವ ದಾರಿಯಿರಲಿಲ್ಲ. ಮಣಿಕಟ್ಟಿನ ಮೇಲೆ ಊರಿಗೇ ಸರಿಯಾದ ಸಮಯವಿತ್ತು, ಅದನ್ನು ನೋಡಲು ಮನಸ್ಸಾಗಲಿಲ್ಲ.

ಬಿಗಿದ ಚಕ್ರದ ಗಾಡಿ ತಳ್ಳಲು ಬರುವುದಿಲ್ಲ. ಕ್ಲಚ್ ಹಿಡಿದರೆ ಬರುತ್ತದೆ ಎಂದು ದಾರಿಹೋಕ ಪೇಪರಿನವನು ಹೇಳಿಕೊಟ್ಟ. ಹಾಗೆ ಕ್ಲಚ್ ಹಿಡಿದು ತಳ್ಳುತ್ತ, ಬೆವರು ಸುರಿಸುತ್ತ ಮುಳ್ಳಪ್ಪ ಬೇರೆ ಗತಿಯಿಲ್ಲದೆ ಭಾವಮೈದನ ಶೆಡ್ಡಿಗೆ ಬಂದ. ಅಲ್ಲಿ ಆಗಲೇ ಗಿರಾಕಿಗಳು ಕೂತಿದ್ದರು. ಭಾವಮೈದ ಕಿಕ್ಕರನ್ನು ಕೈಯಲ್ಲಿ ಒತ್ತಿ ನೋಡಿದ.

"ಎಂಜಿನ್ ಹಿಡ್ಕೊಂಡಿದೆ. ಎಣ್ಣೆ ಎಷ್ಟು ಹಾಕಿದ್ರಿ ಭಾವ?"

"ಬೇಕಾದಷ್ಟು."

"ಅಂದ್ರೆ?"

ಮುಳ್ಳಪ್ಪ ಗಿರಾಕಿಗಳ ಕಡೆ ನೋಡಿದ. ಅವರೆಲ್ಲ ಅವನ ಕಡೆಯೇ ನೋಡುತ್ತಿದ್ದರು. "ಒಂದು ಶೀಶೆ" ಎಂದ.

"ಎಷ್ಟು ದೊಡ್ಡ ಶೀಶೆ?"

ಹೆಬ್ಬೆರಳು ತೋರಿಸಿದ.

ಶೆಡ್ಡಿನಲ್ಲಿ ನಗು ಏಳಲು ಸ್ವಲ್ಪ ಹೊತ್ತು ಹಿಡಿಯಿತು, ಮೊದಲು ಯಾರಿಗೂ ನಂಬಿಕೆ ಬರಲಿಲ್ಲ. ಎದ್ದ ಮೇಲೆ ಇಳಿಯಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಭಾವಮೈದ ಸ್ಪ್ಯಾನರ್ ಕೆಳಗಿಟ್ಟು ಕಣ್ಣೊರೆಸಿಕೊಂಡ. "ಎಣ್ಣೆ ಬಂದಾಗ ಕಣ್ಣು ಮುಚ್ಚಿದ್ರು ಅಂತ ಗಾದೆ ಇದೆ. ನೀವು ಗಾಜು ಹಾಕ್ಕೊಂಡು ನೋಡಿದ್ರಲ್ಲ ಭಾವ."

"ನಗೋದು ಆಮೇಲೆ ನಗು. ನಾಳೆ ಬೆಳಗ್ಗೆ ಅವಳು ಹೋಗೋದು ಹೇಗೆ?" ಎಂದ ಮುಳ್ಳಪ್ಪ. ಅವನ ದನಿಯಲ್ಲಿ ಮುಳ್ಳಿರಲಿಲ್ಲ. ಭಾವಮೈದ ನಗು ನಿಲ್ಲಿಸಿದ.

"ಸಿಲಿಂಡರ್ ಬೋರ್ ಮಾಡಿಸಬೇಕು, ಪಿಸ್ಟನ್ ಹೊಸದು ಹಾಕಬೇಕು. ಅಲ್ಲಿ ತನಕ ನನ್ನ ಗಾಡಿ ಒಯ್ಯಲಿ. ಆದ್ರೆ ಒಂದು ಮಾತು, ಕೊಡೋದು ಅಕ್ಕಂಗೆ. ನಿಮಗಲ್ಲ."

"ಅವಳಿಗೆಲ್ಲಿ ಓಡಿಸೋಕೆ ಬರುತ್ತೆ?"

"ನಂಗೆ ಕಲಿಸಿದ್ದೇ ಅವಳು. ನೀವು ಇಷ್ಟು ವರ್ಷ ಕೇಳಲೇ ಇಲ್ವಾ?"

ಮುಳ್ಳಪ್ಪ ಕೇಳಿರಲಿಲ್ಲ. ಅವಳು ಒಮ್ಮೆ ಲೈಸೆನ್ಸ್ ನವೀಕರಣಕ್ಕೆ ಹೋಗಿ ಬಂದದ್ದು ಅವನಿಗೆ ಗೊತ್ತಿತ್ತು. ಬ್ಯಾಂಕಿನಲ್ಲಿ ಗುರುತಿಗೆ ತೋರಿಸಲು ಇರಬೇಕು ಎಂದುಕೊಂಡಿದ್ದ.

ಸಂಜೆ ಅವಳು ಬಂದು ಚಪ್ಪಲಿ ಬಿಟ್ಟಳು, ಮುಖ ತೊಳೆದಳು, ಕೋಟನ್ನು ಗೂಟಕ್ಕೆ ಹಾಕಿದಳು. ಬೀಗದ ಕೈ ಸೊಂಟದಲ್ಲಿದೆಯೋ ಇಲ್ಲವೋ ಎಂದು ಅವನು ಓರೆಗಣ್ಣಿನಲ್ಲಿ ನೋಡಿದ. ಇತ್ತು.

"ಏನಾಯ್ತು?"

"ಆಗೋದೇನು. ಟ್ಯಾಂಕರಿಂದ ಇಳಿಯೋದನ್ನ ಮೇಟ್ರನ್ ಗೇಟಲ್ಲೇ ನೋಡಿದ್ರು. ಹೊತ್ತು ಮೀರಿರಲಿಲ್ಲ. ಕೂದಲೆಳೆ ಅಷ್ಟೇ. ನಾಳೆ ಏನ್ರೀ, ಅಗ್ನಿಶಾಮಕದ ಗಾಡೀಲಿ ಬರ್ತೀರಾ ಅಂದ್ರು."

"ನೀನೇನಂದೆ?"

"ತಮ್ಮನ ಗಾಡಿ ಇಸ್ಕೊಂಡು ನಾಳೆಯಿಂದ ನಾನೇ ಓಡಿಸ್ಕೊಂಡು ಬರ್ತೀನಿ ಅಂದೆ." ಅವಳು ಅವನ ಮುಖ ನೋಡಿದಳು. "ಏನಾದ್ರೂ ಹೇಳೋದಿದೆಯಾ?"

ಮುಳ್ಳಪ್ಪನಿಗೆ ಹೇಳುವುದು ಬಹಳವಿತ್ತು. ಹೇಳಿದ್ದು ಮಾತ್ರ, "ಸೇತುವೆ ಏರಲ್ಲಿ ಗೇರ್ ಇಳಿಸ್ಕೋ."

"ಗೊತ್ತು" ಎಂದಳು.

ಮರುದಿನ ಬೆಳಗ್ಗೆ ತಾನೂ ಜೊತೆಗೆ ಬರುತ್ತೇನೆ ಎಂದು ಹಟ ಹಿಡಿದ. ಪರರ ಗಾಡಿ, ಹೊಸ ಕೈ, ಅನುಭವಸ್ಥರೊಬ್ಬರು ಇರಬೇಕು ಎಂಬುದು ಅವನ ವಾದ. ಅವಳು ಒಂದೇ ಒದೆಗೆ ಸ್ಟಾರ್ಟ್ ಮಾಡಿದಳು. ಬಡಗಿ ಬಾಯಲ್ಲಿದ್ದ ಬ್ರಷ್ಷನ್ನು ಉಜ್ಜದೆ ಹಾಗೇ ನಿಂತ. ದಾರಿಯುದ್ದಕ್ಕೂ ಮುಳ್ಳಪ್ಪ ಹಿಂದಿನಿಂದ ಹಾರ್ನ್ ಎಲ್ಲಿ ಹೊಡೆಯಬೇಕು, ಹೊಂಡ ಎಲ್ಲಿದೆ ಎಂದು ಹೇಳುತ್ತಿದ್ದ. ಗಾಳಿಗೆ ಅವಳಿಗೆ ಒಂದೂ ಕೇಳಿಸಲಿಲ್ಲ, ಅಥವಾ ಹಾಗೆಂದು ಅವಳು ಆಮೇಲೆ ಹೇಳಿದಳು.

ಆಸ್ಪತ್ರೆಯ ಗೇಟಿನ ಒಳಗೆ ಸಿಬ್ಬಂದಿಯ ಸಾಲಿನಲ್ಲಿ ಗಾಡಿ ನಿಲ್ಲಿಸಿ, ಕೀಲಿಯನ್ನು ಬೀಗದ ಕೈಗಳ ಗೊಂಚಲಿಗೆ ಸೇರಿಸಿಕೊಂಡು, "ಬರ್ತೀನಿ" ಎಂದು ಅವಳು ಸರಸರ ಮೆಟ್ಟಿಲು ಹತ್ತಿದಳು. ಒಳಗಿನಿಂದ ಯಾರೋ, "ಬಂದ್ರು, ಬಂದ್ರು, ಬಾಗಿಲು ತೆಗೀತಾರೆ" ಎನ್ನುವುದು ಕೇಳಿಸಿತು.

ಮುಳ್ಳಪ್ಪ ತಲೆಯ ಮೇಲೆ ಹೆಲ್ಮೆಟ್ಟು ಹೊತ್ತುಕೊಂಡು, ಗಾಡಿಯಿಲ್ಲದೆ ಗೇಟಿನ ಹತ್ತಿರ ಉಳಿದ. ಕಾವಲುಗಾರ ಕುರ್ಚಿಯಿಂದ ಎದ್ದು ಬಂದ.

"ಯಾರನ್ನ ನೋಡ್ಬೇಕಿತ್ತು ಸಾರ್?"

"ಯಾರನ್ನೂ ಇಲ್ಲ. ಬಟ್ಟೆ ಕೋಣೆಯವರನ್ನ ಬಿಟ್ಟು ಹೋಗೋಕೆ ಬಂದಿದ್ದೆ."

ಕಾವಲುಗಾರ ನಿಂತಿದ್ದ ಗಾಡಿಯನ್ನು ನೋಡಿದ, ಇವನ ಹೆಲ್ಮೆಟ್ಟನ್ನು ನೋಡಿದ. "ಅವರೇ ಅಲ್ವಾ ಸಾರ್ ನಿಮ್ಮನ್ನ ತಂದು ಬಿಟ್ಟಿದ್ದು?"

"ಹೌದು" ಎಂದ ಮುಳ್ಳಪ್ಪ, ಮತ್ತು ವಾಪಸ್ಸು ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಿದ.